ದಿಬ್ಬದ ಥೆಲ್ಮಾರ ಕಲ್ಲು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಶಾಲೆಯನ್ನು ನಡುವೆಯೇ ಬಿಟ್ಟವಳು ನಾನು, ಪದಗಳೂ ಕಡಿಮೆ. ಚರ್ಚಿನ ನೆನಪಿನ ಪುಸ್ತಕಕ್ಕೆ ಒಬ್ಬೊಬ್ಬರು ಊರಿನ ಒಬ್ಬೊಬ್ಬ ಹಿರಿಯರ ಬಗ್ಗೆ ಬರೆಯಬೇಕು ಎಂದಾಗ ನನ್ನ ಪಾಲಿಗೆ ದಿಬ್ಬದ ಥೆಲ್ಮಾ ಬಂದರು. ನಾನು ಕಣ್ಣಾರೆ ಕಂಡದ್ದು ಸ್ವಲ್ಪ. ಉಳಿದದ್ದನ್ನು ಅವರಿಂದಲೂ ಅವರ ಗೆಳತಿ ಆರ್ಡಿಸ್‌ರಿಂದಲೂ ಕೇಳಿ ಬರೆದು, ಅವರಿಗೇ ಓದಿ ಹೇಳಿದ್ದೇನೆ. ತಪ್ಪು ಎಂದದ್ದನ್ನು ಉಜ್ಜಿ ಅಳಿಸಿದ್ದೇನೆ. ಅಲ್ಲಲ್ಲಿ ಕಾಗದ ಹರಿದಿರುವುದು ಅದಕ್ಕೇ.

ನಮ್ಮೂರು ಸ್ಟೋರ್ಡಾಲಿನಲ್ಲಿ ಥೆಲ್ಮಾ ಓಡೆಗಾರ್ಡ್ ಎಂಬ ಹೆಸರಿನವರು ಇಬ್ಬರಿದ್ದರು. ಓಡೆಗಾರ್ಡ್ ಅಣ್ಣತಮ್ಮಂದಿರಲ್ಲಿ ಅಣ್ಣ ಪಾಮರ್‌ನ ಕೈಹಿಡಿದು ದಿಬ್ಬದ ಮೇಲಿನ ಮನೆಗೆ ಬಂದವರು ದಿಬ್ಬದ ಥೆಲ್ಮಾ. ತಮ್ಮ ಕ್ಲಿಫರ್ಡ್‌ನ ಕೈಹಿಡಿದು ಹೊಳೆಯ ಪಕ್ಕದ ಮನೆಗೆ ಬಂದವರು ಹೊಳೆಯ ಥೆಲ್ಮಾ. ವಾರಗಿತ್ತಿಯರಿಬ್ಬರೂ ಒಂದೇ ವರ್ಷ ಹುಟ್ಟಿದವರು. ಒಂದೇ ಬೇಸಿಗೆಯಲ್ಲಿ ಮದುವೆಯಾಗಿ, ಒಬ್ಬರ ಹೆರಿಗೆಗೆ ಇನ್ನೊಬ್ಬರು ಹಾಲು ಕರೆದುಕೊಟ್ಟು ಬಾಳಿದವರು. ಇಬ್ಬರಲ್ಲಿ ಯಾರಿಗೆ ಮಾತು ಜಾಸ್ತಿ ಎಂದು ಕೇಳಿದರೆ ಊರಿನವರು ನಗುತ್ತಿದ್ದರು. ಜೊತೆಗಿದ್ದಾಗ ಇಬ್ಬರ ಮಾತೂ ಒಟ್ಟಿಗೇ ಬರುತ್ತಿತ್ತಂತೆ, ಯಾರದು ಯಾವುದೆಂದು ಗೊತ್ತಾಗುತ್ತಿರಲಿಲ್ಲ.

ಆಮೇಲೆ ಕಾಫಿಯ ಜಗಳ ಬಂತು.

ನಮ್ಮಲ್ಲಿ ಸಾವಿನ ಊಟ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುತ್ತದೆ. ಬೆಣ್ಣೆ ಸವರಿದ ಬನ್ನಿನಲ್ಲಿ ಹಂದಿಮಾಂಸ, ಉಪ್ಪಿನ ಸೌತೆಕಾಯಿ, ಯಾರಾದರೂ ತಂದ ಸಿಹಿ, ಮತ್ತೆ ಕಾಫಿ. ಆ ಕಾಫಿಯೂ ಭಾನುವಾರದ ಪ್ರಾರ್ಥನೆಯ ನಂತರದ ಕಾಫಿಯೂ ದಿಬ್ಬದ ಥೆಲ್ಮಾರದು. ಹಸಿ ಮೊಟ್ಟೆಯನ್ನು ಚಿಪ್ಪಿನ ಸಮೇತ ಕಾಫಿಪುಡಿಗೆ ಕಲಸಿ, ದೊಡ್ಡ ನೀಲಿ ಎನಾಮಲ್ ಕೆಟಲಿನಲ್ಲಿ ಕುದಿಯುವ ನೀರಿಗೆ ಹಾಕುತ್ತಿದ್ದರು. ಉಕ್ಕಿ ಬಂದಾಗ ಒಂದು ಲೋಟ ತಣ್ಣೀರು ಸುರಿದರೆ ಗಸಿಯೆಲ್ಲ ತಳಕ್ಕೆ ಕೂತು, ಜೇನುತುಪ್ಪದ ಬಣ್ಣದ ತಿಳಿ ಕಾಫಿ ಮೇಲೆ ನಿಲ್ಲುತ್ತಿತ್ತು. ಆ ಕೆಟಲನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನಿಂದ ಮೇಜಿಗೆ ಅವರೇ ಬಡಿಸುತ್ತಿದ್ದರು. ಸತ್ತವರ ಮನೆಯವರಿಗೆ ಮೊದಲ ಲೋಟ. ಪಾಮರ್‌ನ ಸಾವಿನ ಊಟದಲ್ಲೂ ಏಪ್ರನ್ ಕಟ್ಟಿ ತಾವೇ ಬಡಿಸಿದವರು. ಇನ್ನೊಬ್ಬರು ಮಾಡಿದರೆ ಅವನಿಗೆ ಸೇರುವುದಿಲ್ಲ ಎಂದರಂತೆ.

ಒಂದು ಭಾನುವಾರ ಹೊಳೆಯ ಥೆಲ್ಮಾ, ನಲ್ಲಿಯಿರುವ ಕರೆಂಟಿನ ಕಾಫಿ ಡ್ರಮ್ಮೊಂದನ್ನು ತಂದು ಗೋಡೆಯ ಪಕ್ಕ ಇಟ್ಟರು. "ಇನ್ಮೇಲೆ ಎಲ್ಲರೂ ಅವರವರೇ ಹಿಡ್ಕೊಂಡು ಕುಡೀಲಿ. ಕಾಲ ಬದಲಾಗಿದೆ" ಎಂದು ಎಲ್ಲರ ಮುಂದೆ ಹೇಳಿದರು. ದಿಬ್ಬದ ಥೆಲ್ಮಾ ಏಪ್ರನ್ ಬಿಚ್ಚಿ ಮಡಿಸಿ, ಕೆಟಲನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಮನೆಗೆ ಹೋದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಚರ್ಚಿನಲ್ಲಿ ಒಬ್ಬರು ಎಡಗಡೆಯ ಬೆಂಚು, ಒಬ್ಬರು ಬಲಗಡೆಯ ಬೆಂಚು. ವರ್ಷಗಳು ಹೀಗೇ ಕಳೆದವು.

ಹೋದ ಜನವರಿಯಲ್ಲಿ ಹೊಳೆಯ ಥೆಲ್ಮಾ ತೀರಿಕೊಂಡರು. ಸಾವಿನ ಪ್ರಾರ್ಥನೆಗೆ ಇಡೀ ಊರು ಹೋಯಿತು. ದಿಬ್ಬದ ಥೆಲ್ಮಾ ಹೋಗಲಿಲ್ಲ. ರಸ್ತೆಯ ಮೇಲೆ ಮಂಜುಗಡ್ಡೆ ಇದೆ ಎಂದರು. ಅದೇ ರಸ್ತೆಯಲ್ಲಿ ಹಿಂದಿನ ದಿನ ಮೊಟ್ಟೆ ತರಲು ಅಂಗಡಿಗೆ ಹೋಗಿಬಂದಿದ್ದರು.

ಚಳಿಗಾಲದಲ್ಲಿ ನಮ್ಮ ನೆಲ ಕಬ್ಬಿಣ. ಸತ್ತವರ ಪೆಟ್ಟಿಗೆಯನ್ನು ಸ್ಮಶಾನದ ಕಲ್ಲುಮನೆಯಲ್ಲಿಟ್ಟು, ಮಣ್ಣು ಸಡಿಲವಾದ ಮೇಲೆ ಹೂಳುತ್ತೇವೆ. ಹೊಳೆಯ ಥೆಲ್ಮಾರ ಮಣ್ಣು ಮೇ ತಿಂಗಳ ಒಂದು ಶನಿವಾರಕ್ಕೆ ನಿಗದಿಯಾಯಿತು. ಹೋಗಬೇಕೋ ಬೇಡವೋ ಎಂಬುದು ದಿಬ್ಬದ ಥೆಲ್ಮಾರ ಮನಸ್ಸಿನಲ್ಲಿ ಹಲ್ಲಿನ ಸಂದಿಯ ನಾರಿನಂತೆ ಸಿಕ್ಕಿಕೊಂಡಿತ್ತು. ಈ ಸಲ ಮಂಜುಗಡ್ಡೆಯ ನೆಪವೂ ಇರಲಿಲ್ಲ.

ಆ ವಾರದ ಬುಧವಾರ ಅವರು ಆರ್ಡಿಸ್ ಜೊತೆ ಸ್ಮಶಾನಕ್ಕೆ ಹೋದರು. ಹಳೇ ಎಲೆ ಗುಡಿಸಿ, ಪಾಮರ್‌ನ ಕಲ್ಲು ತೊಳೆದು ಬರುವುದು ಅವರ ಪ್ರತಿವರ್ಷದ ಕೆಲಸ. ಓಡೆಗಾರ್ಡ್ ಎಂದು ಕೆತ್ತಿದ ಒಂದೇ ದೊಡ್ಡ ಕಲ್ಲು, ಅದರ ಮುಂದೆ ನೆಲಕ್ಕೆ ಸಮನಾಗಿ ನಾಲ್ಕು ಚಿಕ್ಕ ಕಲ್ಲುಗಳು. ನಡುವೆ ಆಗಲೇ ತೀರಿಹೋದ ಅಣ್ಣ ತಮ್ಮಂದಿರು, ಎರಡು ತುದಿಯಲ್ಲಿ ವಾರಗಿತ್ತಿಯರು. ಬದುಕಿರುವಾಗಲೇ ಕಲ್ಲು ಹಾಕಿಸುವುದು ನಮ್ಮ ಕಡೆಯ ರೂಢಿ. ಹೆಸರು, ಹುಟ್ಟಿದ ವರ್ಷ, ಒಂದು ಗೀಟು. ಗೀಟಿನ ಮುಂದೆ ಖಾಲಿ. ಯಾರಿಗೂ ಅದರ ಹೆದರಿಕೆಯಿಲ್ಲ. ಆರ್ಡಿಸ್ ಅಂತೂ ತಮ್ಮ ಕಲ್ಲಿನ ಮೇಲೆಯೇ ಕೂತು ಬುತ್ತಿ ಬಿಚ್ಚುತ್ತಾರೆ.

"ನಿನ್ನ ಕಲ್ಲಿನ ಮೇಲೆ ನೋಡೇ, ಹಕ್ಕಿ ಏನು ಮಾಡಿಟ್ಟಿದೆ," ಎಂದರು ಆರ್ಡಿಸ್. "ನೀನು ಹೋಗೋ ಮುಂಚೆನೇ ನಿನ್ನ ಮೇಲೆ ಅಭಿಪ್ರಾಯ ಹೇಳಿಬಿಟ್ಟಿದೆ."

"ನಿನ್ನ ಕಲ್ಲಿನ ಮೇಲೆ ಕೂರೋಕೆ ಅದಕ್ಕೂ ಜಾಗ ಇಲ್ಲವಲ್ಲ, ನೀನೇ ಕೂತಿರ್ತೀಯ," ಎಂದು ದಿಬ್ಬದ ಥೆಲ್ಮಾ ಮಂಡಿಯೂರಿ, ಒದ್ದೆ ಬಟ್ಟೆಯಿಂದ ತಮ್ಮ ಕಲ್ಲನ್ನು ಒರೆಸಿದರು.

ಬಟ್ಟೆಯ ಕೆಳಗೆ ಅಕ್ಷರ ಕೈಗೆ ತಗುಲಿತು. ಇರಬಾರದ ಕಡೆ ಬೆರಳು ತಗ್ಗಿಗೆ ಇಳಿಯಿತು.

ಗೀಟಿನ ಮುಂದೆ ತಾರೀಖು ಇತ್ತು. ಈ ವರ್ಷದ ಜನವರಿ ಹತ್ತೊಂಬತ್ತು.

ಅವರು ಇನ್ನೊಮ್ಮೆ ಒರೆಸಿದರು. ಕೊಳೆಯೇನೋ, ಒರೆಸಿದರೆ ಹೋಗುತ್ತದೆ ಎಂಬಂತೆ ಜೋರಾಗಿ ಉಜ್ಜಿದರು. ತಾರೀಖು ಇನ್ನೂ ಸ್ಪಷ್ಟವಾಯಿತು. ಹೊಸದಾಗಿ ಕೆತ್ತಿದ ಕಲ್ಲು ಒಳಗೆ ಬಿಳಿಯಾಗಿ ಮಿನುಗುತ್ತಿತ್ತು. ಆಮೇಲೆ ಅವರಿಗೆ ಹಕ್ಕಿಯ ಕೂಗು ಕೇಳಿಸಲಿಲ್ಲವಂತೆ. ಆರ್ಡಿಸ್ ಬಾಯಿ ಆಡಿಸುತ್ತಿದ್ದುದು ಕಾಣುತ್ತಿತ್ತು, ಮಾತು ಕಿವಿಗೆ ಬೀಳುತ್ತಿರಲಿಲ್ಲ. ತಮ್ಮ ಎಡಗೈಯನ್ನು ಬಲಗೈಯಿಂದ ಮುಟ್ಟಿ ನೋಡಿಕೊಂಡರು. ಬೆಚ್ಚಗಿತ್ತು. ಅದು ಸಾಲದೆ ಹೋಯಿತು.

"ಆರ್ಡಿಸ್, ನಾನು ಇವತ್ತು ಬೆಳಿಗ್ಗೆ ಏನು ತಿಂದೆ?" ಎಂದು ಕೇಳಿದರು.

"ನನಗೇನು ಗೊತ್ತು ಮಾರಾಯ್ತಿ? ಯಾಕೆ?"

"ನನಗೂ ಗೊತ್ತಾಗ್ತಿಲ್ಲ."

ಆರ್ಡಿಸ್ ಬಗ್ಗಿ ಓದಿದರು. ಗೆಳತಿಯ ಪಕ್ಕದಲ್ಲಿ, ಒದ್ದೆ ಹುಲ್ಲಿನ ಮೇಲೆ ಕೂತರು. "ಇದು ಅವಳ ತಾರೀಖು ಕಣೇ. ಹೊಳೆಯವಳದು. ಅಲ್ಲಿ ನೋಡು, ಅವಳ ಕಲ್ಲು ಖಾಲಿ ಇದೆ," ಎಂದರು.

ಇನ್ನೊಂದು ತುದಿಯ ಕಲ್ಲಿನಲ್ಲಿ ಗೀಟಿನ ಮುಂದೆ ಏನೂ ಇರಲಿಲ್ಲ. ಸತ್ತವರು ಬದುಕಿದ್ದರು, ಬದುಕಿದ್ದವರು ಸತ್ತಿದ್ದರು.

ಸುದ್ದಿ ಕೇಳಿ ಕಲ್ಲು ಕೆತ್ತುವ ಡ್ವೇನ್ ಮಧ್ಯಾಹ್ನವೇ ಸ್ಮಶಾನಕ್ಕೆ ಓಡಿಬಂದ. ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಾ ನಿಂತ.

"ನಾನು ಬಂದಾಗ ಈ ಸಾಲಿನ ಮೇಲೆ ಹಿಮ ರಾಶಿ ಬಿದ್ದಿತ್ತಮ್ಮ. ಈ ತುದಿ ಮಾತ್ರ ಕರಗಿತ್ತು. ಥೆಲ್ಮಾ ಅಂತ ಇತ್ತು, ಮುಂದೆ ಖಾಲಿ ಇತ್ತು. ಇನ್ನೊಬ್ಬರು ಥೆಲ್ಮಾ ಹಿಮದ ಕೆಳಗಿದಾರೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಹಿಮದ ಮೇಲಿರೋ ಥೆಲ್ಮಾನ ಒಂದು ಮಾತು ಕೇಳಬಹುದಿತ್ತಲ್ಲಪ್ಪ," ಎಂದರು ಆರ್ಡಿಸ್.

"ತಪ್ಪು ನಂದೇ. ಈ ಕಲ್ಲು ತಗೊಂಡು ಹೋಗಿ ಒಡೆದುಹಾಕ್ತೀನಿ. ಹೊಸದು ತಂದು ಹಾಕ್ತೀನಿ, ನಿಮಗೇನೂ ಖರ್ಚಿಲ್ಲ."

ಒಡೆದುಹಾಕ್ತೀನಿ ಎಂಬ ಮಾತಿಗೆ ದಿಬ್ಬದ ಥೆಲ್ಮಾ ಕಲ್ಲಿನ ಮೇಲೆ ಕೈಯಿಟ್ಟರು. ಆ ಕಲ್ಲನ್ನು ಆರಿಸಿದ್ದು ಪಾಮರ್. ಗಣಿಯವರೆಗೂ ಹೋಗಿ, ನಾಲ್ಕನ್ನೂ ಒಂದೇ ಬಂಡೆಯಿಂದ ಕೊಯ್ಯಿಸಿ ತಂದಿದ್ದ. "ಸದ್ಯಕ್ಕೆ ಮುಟ್ಟಬೇಡ. ಶನಿವಾರದ ಒಳಗೆ ಹೇಳ್ತೀನಿ," ಎಂದರು.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತರು. ತಮ್ಮ ಸಾವು ಜನವರಿಯಲ್ಲೇ ಆಗಿದ್ದರೆ ಯಾರು ಯಾರು ಬರುತ್ತಿದ್ದರು ಎಂದು ಯೋಚನೆ ಬಂತು. ಎಲ್ಲರೂ ಬರುತ್ತಿದ್ದರು. ಹೊಳೆಯವಳು ಬರುತ್ತಿದ್ದಳೇ? ಬರುತ್ತಿದ್ದಳು. ಅದು ಗೊತ್ತಿತ್ತು. ಬಲಗಡೆಯ ಬೆಂಚಿನಲ್ಲಿ ಗಂಟು ಮುಖ ಹಾಕಿಕೊಂಡಾದರೂ ಕೂರುತ್ತಿದ್ದಳು. ಆ ತಾರೀಖನ್ನು ತಾನು ಅಂಗಡಿಯ ಮೊಟ್ಟೆಗಿಂತ ಹಗುರವಾಗಿ ತಳ್ಳಿಬಿಟ್ಟಿದ್ದೆ, ಈಗ ಅದು ತನ್ನ ಎದೆಯ ಮೇಲೆಯೇ ಕೂತಿದೆ ಎನಿಸಿತು. ರಾತ್ರಿ ಊಟ ಸೇರಲಿಲ್ಲ.

ಮರುದಿನ ಹೊಳೆಯ ಥೆಲ್ಮಾರ ಮಗಳು ಮಾರ್ಲಿಸ್ ದಿಬ್ಬ ಹತ್ತಿ ಬಂದರು. ಕೈಯಲ್ಲಿ ಬಟ್ಟೆ ಸುತ್ತಿದ ಲೆಫ್ಸೆ, ಆಲೂಗಡ್ಡೆಯ ತೆಳು ರೊಟ್ಟಿ, ಇತ್ತು.

"ದೊಡ್ಡಮ್ಮ, ಕಲ್ಲಿನ ವಿಷಯ ಕೇಳಿದೆ. ನನಗೆ ಮುಖ ತೋರಿಸೋಕಾಗ್ತಿಲ್ಲ. ಡ್ವೇನ್‌ಗೆ ಫೋನ್ ಮಾಡಿದ್ದು ನಾನೇ. ಯಾವ ತುದಿ ಅಂತ ಹೇಳೋದು ಮರೆತೆ."

"ನೀನೇನು ಮಾಡ್ತೀಯಮ್ಮ. ಕೂತ್ಕೋ."

ಮಾರ್ಲಿಸ್ ಕೂತರು. ಒಲೆಯ ಮೇಲಿನ ಗೂಡಿನಲ್ಲಿದ್ದ ನೀಲಿ ಕೆಟಲನ್ನು ನೋಡಿದರು. "ಶನಿವಾರ ಮಣ್ಣಾದ ಮೇಲೆ ಕೆಳಗೆ ಊಟ ಇದೆ. ಆ ಕೆಟಲಲ್ಲಿ ಮೊಟ್ಟೆ ಕಾಫಿ ಮಾಡ್ಕೊಡ್ತೀರಾ ದೊಡ್ಡಮ್ಮ?"

"ಯಾಕೆ? ನಿಮ್ಮಮ್ಮನ ಡ್ರಮ್ಮು ಕೆಟ್ಟುಹೋಯ್ತಾ?"

ಮಾರ್ಲಿಸ್ ಮುಖ ಕೆಂಪಾಯಿತು. ಏಳಲು ಹೊರಟವರು ಮತ್ತೆ ಕೂತರು.

"ಅಮ್ಮ ಇಲ್ಲ ಈಗ. ಹೇಳಿಬಿಡ್ತೀನಿ. ಆ ಡ್ರಮ್ಮು ತಂದಿದ್ದು ನಿಮಗೋಸ್ಕರ."

"ನನಗೋಸ್ಕರ?"

"ನಿಮ್ಮ ಬಲಗೈ ನಡುಗೋಕೆ ಶುರುವಾಗಿತ್ತು. ಬೇರೆ ಯಾರೂ ಗಮನಿಸಿರಲಿಲ್ಲ, ಅಮ್ಮ ನೋಡಿಬಿಟ್ಟಿದ್ರು. ಕುದಿಯೋ ಕೆಟಲು ಹಿಡ್ಕೊಂಡು ಮಕ್ಕಳ ತಲೆ ಮೇಲಿಂದ ಬಗ್ಗಿ ಬಡಿಸ್ತಿದ್ರಿ. ಅಮ್ಮ ಕೂತಲ್ಲೇ ಉಸಿರು ಬಿಗಿ ಹಿಡೀತಿದ್ರು. ನಾನು, ಹೇಳಮ್ಮ ಅವರಿಗೆ, ಅಂದೆ. 'ಕೈ ನಡುಗುತ್ತೆ ಅಂತ ಹೇಳಿದ್ರೆ ಅವಳು ಅವತ್ತಿಂದ ಮುದುಕಿ ಆಗ್ತಾಳೆ. ಕಾಲ ಬದಲಾಯ್ತು ಅಂದ್ರೆ ಬರೀ ನನ್ನ ಮೇಲೆ ಸಿಟ್ಟಾಗ್ತಾಳೆ. ಸಿಟ್ಟಾದ್ರೆ ಆಗ್ಲಿ' ಅಂದ್ರು."

ದಿಬ್ಬದ ಥೆಲ್ಮಾ ಗೂಡಿನಲ್ಲಿದ್ದ ಕೆಟಲಿನ ಕಡೆ ನೋಡಿದರು.

"ಮನೇಲಿ ಅವರು ಕುಡೀತಿದ್ದದ್ದು ಮೊಟ್ಟೆ ಕಾಫೀನೇ," ಎಂದರು ಮಾರ್ಲಿಸ್. "ನಿಮ್ಮದರಷ್ಟು ತಿಳಿ ಬರಲ್ಲ ಅಂತ ದಿನಾ ಗೊಣಗ್ತಿದ್ರು."

ಕಲ್ಲಿನ ಮೇಲೆ ತಮ್ಮ ಸಾವಿನ ತಾರೀಖು ಓದಿದಾಗ ಆದದ್ದಕ್ಕಿಂತ ಇದು ದೊಡ್ಡ ಏಟು ಎಂದು ದಿಬ್ಬದ ಥೆಲ್ಮಾ ನನಗೆ ಹೇಳಿದರು. ಅದು ಮೈಗೆ ಬಿದ್ದ ಏಟು, ಇದು ಬದುಕಿಗೇ ಬಿದ್ದದ್ದು. ಎಡಗಡೆಯ ಬೆಂಚು, ತಿರುಗಿಸಿಕೊಂಡ ಮುಖಗಳು, ಹಬ್ಬದಲ್ಲಿ ಹಂಚದೆ ಉಳಿದ ಸಿಹಿ, ಇಷ್ಟು ವರ್ಷ ಗಟ್ಟಿ ನೆಲವೆಂದು ನಿಂತದ್ದೆಲ್ಲ ಕಾಲ ಕೆಳಗೆ ತೆಳು ಮಂಜುಗಡ್ಡೆಯಾಗಿ ಬಿರಿಯಿತು. ಅವರು ಮೇಜಿನ ಮೇಲಿದ್ದ ಬಲಗೈಯನ್ನು ನೋಡಿದರು. ಅದು ಸಣ್ಣಗೆ ನಡುಗುತ್ತಿತ್ತು. ಎಂದಿನ ಹಾಗೆ ಎಡಗೈಯಿಂದ ಮುಚ್ಚಿಕೊಳ್ಳಲು ಹೋದರು. ಮಾರ್ಲಿಸ್ ನೋಡುತ್ತಿದ್ದರು. ಮುಚ್ಚಿಕೊಳ್ಳಲಿಲ್ಲ.

"ಹೇಳಬಹುದಿತ್ತು ಅವಳು," ಎಂದರು ಕೊನೆಗೆ.

"ನೀವು ಕೇಳಬಹುದಿತ್ತು ದೊಡ್ಡಮ್ಮ," ಎಂದರು ಮಾರ್ಲಿಸ್. ಕೊಂಕಿನಿಂದ ಹೇಳಲಿಲ್ಲ. ಲೆಫ್ಸೆಯನ್ನು ಮೇಜಿನ ಮೇಲಿಟ್ಟು ಹೋದರು.

ಶುಕ್ರವಾರ ಬೆಳಿಗ್ಗೆ ದಿಬ್ಬದ ಥೆಲ್ಮಾ ಡ್ವೇನ್‌ಗೆ ಫೋನ್ ಮಾಡಿದರು. "ಹೊಸ ಕಲ್ಲು ಬೇಡ. ಇದನ್ನೇ ಮಗುಚಿ ಹಾಕು. ಮೇಲೆ ಬರೋ ಕಡೆ ನನ್ನ ಹೆಸರು, ವರ್ಷ, ಗೀಟು ಕೆತ್ತು."

"ಕೆಳಗಡೆ ಆ ತಾರೀಖು ಹಾಗೇ ಉಳಿಯುತ್ತಲ್ಲಮ್ಮ."

"ಉಳೀಲಿ. ನಾನು ಮಲಗಿದಾಗ ಅದು ನನ್ನ ಕಡೆ ಮುಖ ಮಾಡಿರಬೇಕು. ಓದ್ತಾ ಇರ್ತೀನಿ."

ಡ್ವೇನ್, ಇವತ್ತು ಸಾಯಂಕಾಲ ಹೊಳೆಯವರ ಕಲ್ಲಿಗೆ ತಾರೀಖು ಹಾಕ್ತೀನಿ, ಇದನ್ನು ಮುಂದಿನ ವಾರ ಮಗುಚ್ತೀನಿ ಎಂದ.

ಶನಿವಾರ ಮಣ್ಣಿಗೆ ದಿಬ್ಬದ ಥೆಲ್ಮಾ ಎಲ್ಲರಿಗಿಂತ ಮೊದಲು ಬಂದರು. ಪೆಟ್ಟಿಗೆ ಇಳಿಸುವಾಗ ತಮ್ಮ ಕಲ್ಲಿನ ಪಕ್ಕದಲ್ಲೇ, ಇನ್ನೂ ಮಗುಚದ ಆ ತಾರೀಖಿನ ಪಕ್ಕದಲ್ಲೇ ನಿಂತಿದ್ದರು. ಜನ ಒಮ್ಮೆ ಕಲ್ಲನ್ನು, ಒಮ್ಮೆ ಅವರನ್ನು ನೋಡುತ್ತಿದ್ದರು. ನಾನೂ ನೋಡಿದೆ. ನೋಡಬಾರದಿತ್ತು, ಆದರೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಒಂದು ಹಿಡಿ ಮಣ್ಣು ಹಾಕುವಾಗ ಅವರ ಬಲಗೈ ಎಲ್ಲರಿಗೂ ಕಾಣುವಂತೆ ನಡುಗಿತು. ಮಣ್ಣಿನ ಅರ್ಧ ಅವರ ಶೂ ಮೇಲೆಯೇ ಬಿತ್ತು.

ನೆಲಮಾಳಿಗೆಯಲ್ಲಿ ಅವರು ಏಪ್ರನ್ ಕಟ್ಟಿ, ಮೊಟ್ಟೆ ಒಡೆದು, ಪುಡಿ ಕಲಸಿ, ಉಕ್ಕಿಸಿ, ತಣ್ಣೀರು ಸುರಿದರು. ಕಾಫಿ ತಿಳಿಯಾಯಿತು. ಎಲ್ಲರೂ ಮಾತು ನಿಲ್ಲಿಸಿ ಕಾಯುತ್ತಿದ್ದರು. ಅವರು ಕೆಟಲಿನ ಹಿಡಿಗೆ ಕೈ ಹಾಕಿದರು. ಎತ್ತಲಿಲ್ಲ.

"ಮಾರ್ಲಿಸ್, ಬಾ ಇಲ್ಲಿ. ನೀನು ಎತ್ತು. ನನ್ನ ಕೈಯಲ್ಲಿ ಆಗಲ್ಲ," ಎಂದರು. ಇಡೀ ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

ಆರ್ಡಿಸ್, "ಈ ಮಾತು ಇಷ್ಟು ಬೇಗ ಬಂತಲ್ಲ ನಿನ್ನ ಬಾಯಿಂದ," ಎಂದರು, ಕಣ್ಣೊರೆಸಿಕೊಂಡು.

ಮಾರ್ಲಿಸ್ ಬಂದು ಕೆಟಲು ಎತ್ತಿದರು. ಸತ್ತವರ ಮನೆಯವರಿಗೆ ಮೊದಲ ಲೋಟ ಎಂಬುದು ರೂಢಿ. ಮಾರ್ಲಿಸ್ ಆ ಮೊದಲ ಲೋಟವನ್ನು ತುಂಬಿ ದಿಬ್ಬದ ಥೆಲ್ಮಾರ ಮುಂದೆ ಇಟ್ಟರು.

ಇಷ್ಟು ನನಗೆ ಗೊತ್ತಿರುವುದು. ಈಗ ಪ್ರತಿ ಭಾನುವಾರವೂ ದಿಬ್ಬದ ಥೆಲ್ಮಾ ಕಾಫಿ ಮಾಡುತ್ತಾರೆ, ಮಾರ್ಲಿಸ್ ಕೆಟಲು ಎತ್ತುತ್ತಾರೆ. ಬರುವ ಭಾನುವಾರ ಮಾರ್ಲಿಸ್ ಊರಿನಲ್ಲಿರುವುದಿಲ್ಲ. ಅವತ್ತು ನಾನು ಬೇಗ ಚರ್ಚಿಗೆ ಹೋಗಿ ಕೆಟಲು ಎತ್ತುತ್ತೇನೆ.