ಕೌದಿಯ ನಾಲ್ಕನೆಯ ಮೂಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಶಾಲೆಯ ಹಿಂದಿನ ಹುಣಸೆಮರದಲ್ಲಿ ದೆವ್ವ ಇದೆ ಎಂದು ಹೆದರುವ ಮಕ್ಕಳನ್ನು ಕೈಹಿಡಿದು ಅದೇ ಮರದ ಬುಡಕ್ಕೆ ಕರೆದೊಯ್ದು ಮಗ್ಗಿ ಹೇಳಿಸಿದವಳು ನಾನು. ಸಿರುಗುಪ್ಪದಲ್ಲಿ ನನ್ನ ಕೈಯಲ್ಲಿ ಕಲಿತ ಯಾರನ್ನು ಬೇಕಾದರೂ ಕೇಳಿ. ಹಾಗಾಗಿ ಎಪ್ಪತ್ತರ ದಶಕದ ಮೊದಮೊದಲಿಗೆ, ಕುರುಗೋಡಿನ ನನ್ನ ಗಂಡನ ಮನೆಯಲ್ಲಿ ನಡೆದದ್ದನ್ನು ಇಷ್ಟು ವರ್ಷ ಬರೆಯಲು ಮನಸ್ಸಾಗಲಿಲ್ಲ. ಈಗಲೂ ಅದು ಹೇಗಾಯಿತೆಂದು ತಿಳಿದು ಬರೆಯುತ್ತಿಲ್ಲ. ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನವರು ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ವಾರವೆಲ್ಲ ಅಲ್ಲಿ, ಶನಿವಾರ ಸಂಜೆಯ ಬಸ್ಸಿಗೆ ಸಿರುಗುಪ್ಪಕ್ಕೆ, ನನ್ನ ಬಾಡಿಗೆ ಮನೆಗೆ. ಒಮ್ಮೆ ಅಂಗಡಿಯಲ್ಲಿ ಥಾನು ಮುಗಿದು ಉಳಿದ ತುಂಡೊಂದು ಅವರಿಗೆ ಸಿಕ್ಕಿತು. ಬೂದಿ ಬಣ್ಣದ ಮೇಲೆ ನೀಲಿ ಗೀರು. ಸರಿಯಾಗಿ ಒಂದು ಅಂಗಿಗೆ ಆಗುವಷ್ಟು ಬಟ್ಟೆ. ಹೊಲಿಸಿಕೊಂಡ ಅಂಗಿಯ ಎದೆಯ ಗುಂಡಿ ಕಿತ್ತುಹೋದಾಗ ಮನೆಯಲ್ಲಿ ಬಿಳಿ ದಾರ ಇರಲಿಲ್ಲ. ನಾನು ಕೆಂಪು ದಾರದಲ್ಲಿ, ನಾಲ್ಕು ತೂತಿಗೂ ಅಡ್ಡಡ್ಡ ಹಾಕಿ ಬಿಳಿ ಗುಂಡಿ ಹೊಲಿದುಕೊಟ್ಟೆ.

"ಟೀಚರಮ್ಮಾರು ಅಂಗಿಗೂ ಕೆಂಪು ಶಾಯಿಲೆ ತಪ್ಪು ಹಾಕ್ಯಾರ ನೋಡು" ಎಂದು ನಕ್ಕಿದ್ದರು.

ಆ ವಾರವೇ ಅವರಿಗೆ ಕಾಮಾಲೆ ಹತ್ತಿತು. ಯಾರೋ ಕೊಟ್ಟ ಬೇರಿನ ಔಷಧಿ ನಂಬಿಕೊಂಡು ಎಂಟು ದಿನ ಕಳೆದೆವು. ಬಳ್ಳಾರಿಯ ಆಸ್ಪತ್ರೆ ಸೇರುವ ಹೊತ್ತಿಗೆ ಕೈ ಮೀರಿತ್ತು. ನನಗಾಗ ಇಪ್ಪತ್ತಾರು ವರ್ಷ, ಮಕ್ಕಳಿರಲಿಲ್ಲ. ಕುರುಗೋಡಿನಲ್ಲಿ ಮಣ್ಣು ಮಾಡುವ ಮುಂಚೆ, ಯಾವ ಅಂಗಿ ಹಾಕಲಿ ಎಂದು ಭಾವ, ಅಂದರೆ ನನ್ನವರ ಅಣ್ಣ, ಕೇಳಿದರು. ನಾನು ಆ ಗೀರಿನ ಅಂಗಿ ಕೊಟ್ಟೆ. ಹಾಕಿದ್ದನ್ನು ಕಣ್ಣಾರೆ ಕಂಡೆ. ಕೆಂಪು ದಾರವನ್ನೂ ಕಂಡೆ.

ಆಮೇಲೆ ಐದು ತಿಂಗಳು ನನ್ನನ್ನು ನಡುಮನೆಯ ಮೂಲೆಯಲ್ಲಿ ಕೂರಿಸಿದರು. ಇದನ್ನು ಬರೆಯುವಾಗ ಈಗಲೂ ಕೈ ಬಿಸಿಯಾಗುತ್ತದೆ. ನನ್ನನ್ನು ಒಂದು ಮಾತು ಕೇಳದೆ ಅವರ ಬಟ್ಟೆಯನ್ನೆಲ್ಲ ಅಗಸರಿಗೆ ಕೊಟ್ಟಾಗಿತ್ತು. ಮಾತಾಡಿಸಲು ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು, ಹೆಂಗಾತು, ಯಾವಾಗ ಜೀವ ಹೋತು. ಹಣೆಬರಹ ಎನ್ನುತ್ತಿದ್ದರು. ಬಾಳಿ ಬದುಕಿದ ಒಬ್ಬ ಮನುಷ್ಯನ ಹೆಸರನ್ನು ಆ ಮನೆಯಲ್ಲಿ ಯಾರೂ ಬಾಯಿಗೆ ತರುತ್ತಿರಲಿಲ್ಲ. ಯಾರ ಹಣೆಬರಹ, ಯಾರು ಬರೆದದ್ದು ಎಂದು ಚೀರಬೇಕೆನಿಸುತ್ತಿತ್ತು. ಚೀರಲಿಲ್ಲ. ಉಣ್ಣಲಿಲ್ಲ, ಮಲಗಿದರೆ ನಿದ್ದೆ ಬರಲಿಲ್ಲ, ಸತ್ತರೂ ಆದೀತು ಅನ್ನಿಸಿಬಿಟ್ಟಿತ್ತು.

ನಾನು ಹಾಕಿದ್ದ ರಜೆ ಮುಗಿದು ಶಾಲೆಯ ಬೇಸಿಗೆ ರಜೆಯೂ ಮುಗಿಯುತ್ತ ಬಂತು. ಸೋಮವಾರ ಶಾಲೆ ತೆರೆಯುತ್ತದೆ ಎನ್ನುವ ವಾರ ಭಾವ ನನ್ನ ರಾಜೀನಾಮೆಯನ್ನು ತಾವೇ ಬರೆದು ತಂದರು.

"ಸೈನ್ ಒಂದು ಹಾಕವ್ವ. ನಮ್ಮ ಮನಿಯಾಗ ಒಂದು ರೊಟ್ಟಿಗೇನು ಕಡಿಮಿ ಐತಿ? ಗಂಡ ಇಲ್ಲದಾಕಿ ಊರೂರು ತಿರುಗಿ ದುಡೀಬೇಕೇನು?"

ಕೆಟ್ಟವರೇನಲ್ಲ ಅವರು. ಒಳ್ಳೆಯವರು ಮಾಡುವ ಅನ್ಯಾಯಕ್ಕೆ ಎದುರಾಡುವುದು ಕಷ್ಟ, ಅಷ್ಟೇ. ನಾನು ಕಾಗದ ಇಸಿದುಕೊಂಡು ದಿಂಬಿನಡಿ ಇಟ್ಟೆ. ಸಹಿ ಹಾಕುವುದೆಂದೇ ಮನಸ್ಸು ಮಾಡಿದ್ದೆ.

ಮರುದಿನ ಮಟಮಟ ಮಧ್ಯಾಹ್ನ, ಬೀದಿಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ, ಕೌದಿ ಹೊಲಿಯುವವಳೊಬ್ಬಳು ಬಾಗಿಲಿಗೆ ಬಂದಳು. ಹಳೆ ಬಟ್ಟೆ ಕೊಟ್ಟರೆ ಮನೆ ಮುಂದೆಯೇ ಕೂತು ಕೌದಿ ಹೊಲಿದುಕೊಡುವ ಹೆಂಗಸರು ನಮ್ಮ ಕಡೆ ಹೊಸಬರಲ್ಲ. ಇವಳು ಆಂಧ್ರದ ಕಡೆಯವಳಿರಬೇಕು, ಮಾತಿಗೊಮ್ಮೆ ತಲ್ಲಿ, ಅಂದರೆ ತಾಯಿ, ಎನ್ನುತ್ತಿದ್ದಳು. ನಾನಿನ್ನು ಉಡಬಾರದೆಂದು ಗಂಟು ಕಟ್ಟಿಟ್ಟಿದ್ದ ಬಣ್ಣದ ಸೀರೆಗಳನ್ನು ತಂದು ಅವಳ ಮುಂದೆ ಹಾಕಿದೆ. ಅತ್ತೆ ಗೊಣಗಿದರು, ಬೇಡ ಎನ್ನಲಿಲ್ಲ.

"ನಿನ್ನ ಮನಿಯಾತಂದು ಏನೂ ಇಲ್ಲೇನು ತಲ್ಲಿ?"

"ಒಂದೂ ಉಳಿಸಿಲ್ಲ."

"ಹಂಗಾರ ಆತ ಹೆಂಗಿದ್ದ, ಹೇಳು. ಹೊಲಿಯಾಕ ಹೊತ್ತು ಹೋಗತೈತಿ."

ಐದು ತಿಂಗಳಲ್ಲಿ ಅವರು ಹೇಗಿದ್ದರು ಎಂದು ಕೇಳಿದವಳು ಅವಳೊಬ್ಬಳೇ. ಮೂರು ಮಧ್ಯಾಹ್ನ ಕಟ್ಟೆಯ ಮೇಲೆ ಅವಳು ಹೊಲಿದಳು, ನಾನು ಹೊಸ್ತಿಲೊಳಗೆ ಕೂತು ಹೇಳಿದೆ. ಅವರ ನಗೆ, ಗೊರಕೆ, ಸಾರಿಗೆ ಉಪ್ಪು ಕಡಿಮೆ ಎನ್ನುವ ಚಾಳಿ, ಗೀರಿನ ಅಂಗಿ, ಕೆಂಪು ದಾರ. ನಡುವೆ ನಕ್ಕೆ ಕೂಡ. ಒಳಗಿನಿಂದ ಅತ್ತೆ ಕೆಮ್ಮಿದರು.

ಕೌದಿಯ ಮೂಲೆಗಳಲ್ಲಿ ರೊಟ್ಟಿಯ ಚೂರು, ಬೆಲ್ಲ ಇಟ್ಟು ಹೊಲಿಯುವುದು ನಮ್ಮಲ್ಲಿ ರೂಢಿ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲವಂತೆ. ಮೂರು ಮೂಲೆ ಅವಳೇ ತುಂಬಿದಳು. ನಾಲ್ಕನೆಯದನ್ನು ಬಿಚ್ಚಿ ಬಿಟ್ಟು, "ಇದನ್ನ ನೀನ ತುಂಬು ತಲ್ಲಿ" ಎಂದು ಸೂಜಿಯನ್ನು ಅಲ್ಲೇ ಚುಚ್ಚಿಟ್ಟಳು. ಎರಡು ಪಡಿ ಜೋಳಕ್ಕೆ ಒಪ್ಪಿದ್ದವಳು ಮೂರು ಬೇಕೆಂದು ಜಗಳ ತೆಗೆದು, ಮೂರು ಪಡಿ ಇಸಿದುಕೊಂಡೇ ಹೋದಳು. ಅವಳು ದೇವತೆ, ಮಾಯಾವಿ ಎಂದು ಆಮೇಲೆ ಹೇಳಿದವರಿಗೆ ನಾನು ಈ ಜೋಳದ ಜಗಳವನ್ನೇ ಹೇಳುತ್ತೇನೆ.

ಮೂಲೆ ತುಂಬಲು ಹೋದರೆ ಅತ್ತೆ ಕೈ ಹಿಡಿದರು. "ಅದು ಮುತ್ತೈದಿ ಕೆಲಸ, ನಿನ್ನ ಕೈಲೆ ಬ್ಯಾಡ. ಯಾರಾರ ಬಂದಾಗ ತುಂಬಸೋಣು."

ನಾನು ಹೊದೆಯುವ ಕೌದಿಗೆ ಒಂದು ಚೂರು ರೊಟ್ಟಿ ಇಡಲೂ ನನ್ನ ಕೈ ಬೇಡವಂತೆ. ನೂರಾರು ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದ ಕೈ ಇದು. ಕೌದಿ ಎರಡು ದಿನ ಬಾಯಿ ತೆರೆದುಕೊಂಡು ಬಿದ್ದಿತ್ತು. ಭಾನುವಾರ ಮಧ್ಯಾಹ್ನ ಅತ್ತೆ ಗುಡಿಗೆ ಹೋದಾಗ ನಾನೇ ರೊಟ್ಟಿ, ಬೆಲ್ಲ ತಂದು ಕೂತೆ. ಮೂಲೆಯ ಪದರ ಬಿಡಿಸಿದೆ.

ಒಳಗಿನ ಪದರದಲ್ಲಿ ಬೂದಿ ಬಣ್ಣದ ಬಟ್ಟೆ ಇತ್ತು. ಅದರ ಮೇಲೆ ನೀಲಿ ಗೀರು. ಕೌದಿ ಹೊಲಿಯುವವರು ಮೊದಲು ಕತ್ತರಿಸಿ ತೆಗೆಯುವುದೇ ಗುಂಡಿ. ಇಲ್ಲಿ ಅದು ಹಾಗೇ ಇತ್ತು. ಬಿಳಿ ಗುಂಡಿ, ಅಡ್ಡಡ್ಡ ಕೆಂಪು ದಾರ, ಹಿಂದೆ ನಾನು ಹಾಕಿದ ಗಂಟು.

ಹೆದರಿಕೆ ಆಗಲಿಲ್ಲ, ನಿಜ ಹೇಳುತ್ತೇನೆ. ಮೈಯೆಲ್ಲ ಉರಿಯಿತು. ಹೆಣದ ಮೈಮೇಲಿನ ಅಂಗಿಯನ್ನೂ ಬಿಡಲಿಲ್ಲವಲ್ಲ ಎಂದು ಕೌದಿಯನ್ನು ಎಳೆದುಕೊಂಡೇ ಪಡಸಾಲೆಗೆ ಹೋದೆ. ಐದು ತಿಂಗಳಲ್ಲಿ ಮೊದಲ ಸಲ ಆ ಮೂಲೆ ಬಿಟ್ಟು ಗಂಡಸರೆದುರು ನಿಂತೆ. "ಯಾರು ಬಿಚ್ಚಿದ್ದು ಇದನ್ನ?" ಎಂದು ಕೇಳಿದೆ.

ಭಾವ ಮೂಲೆಯನ್ನು ಕೈಗೆತ್ತಿಕೊಂಡು ನೋಡಿದರು. ನಿಂತವರು ಕೂತರು.

"ಇದನ್ನ ನಾನ ಮಣ್ಣಿಗೆ ಕೊಟ್ಟೀನವ್ವ. ಎದಿ ಮ್ಯಾಲ ವಿಭೂತಿ ಇಡೋವಾಗ ಈ ಕೆಂಪು ದಾರ ಬೆರಳಿಗೆ ಹತ್ತಿತ್ತು. ಮ್ಯಾಲೆ ಮಣ್ಣು ಎಳೆಯೋತನಕ ಅಲ್ಲೇ ನಿಂತಿದ್ದೆ." ಆಮೇಲೆ ಮೂಲೆಯನ್ನು ಕೆಳಗಿಟ್ಟು, "ಸುಟ್ಟುಬಿಡು. ಮನಿಯಾಗ ಇದು ಬ್ಯಾಡ" ಎಂದರು.

"ಸುಡಂಗಿಲ್ಲ ಭಾವ. ಹೊಲೀತೀನಿ."

ಅವರೆದುರೇ ಕೂತು ರೊಟ್ಟಿಯ ಚೂರಿಟ್ಟು, ಬೆಲ್ಲವಿಟ್ಟು ಮೂಲೆ ಹೊಲಿದೆ. ಆ ರಾತ್ರಿ ಅದನ್ನೇ ಹೊದ್ದು ಬೆಳಗಿನವರೆಗೆ ನಿದ್ದೆ ಮಾಡಿದೆ. ಎದ್ದವಳೇ ರಾಜೀನಾಮೆ ಕಾಗದ ತೆಗೆದು, ಮಕ್ಕಳ ನೋಟುಬುಕ್ಕಿನಲ್ಲಿ ಹಾಕುವಂತೆ ಕೆಂಪು ಶಾಯಿಯಲ್ಲಿ ಅಡ್ಡಡ್ಡ ಗೀಟು ಎಳೆದು ಭಾವನ ಚಹಾ ಲೋಟದ ಕೆಳಗಿಟ್ಟೆ. ಮೊದಲ ಬಸ್ಸಿಗೆ ಕೌದಿ ಬಗಲಲ್ಲಿಟ್ಟುಕೊಂಡು ಸಿರುಗುಪ್ಪಕ್ಕೆ ಬಂದೆ. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ತರಗತಿಯಲ್ಲಿದ್ದೆ.

ದುಃಖದಲ್ಲಿ ಕಣ್ಣು ಮೋಸ ಮಾಡುತ್ತದೆ ಎಂದು ಹೇಳಿದವರಿದ್ದಾರೆ. ಭಾವನ ಕಣ್ಣಿಗೇನಾಗಿತ್ತು? ಬೇರೆ ಅಂಗಿ ಇರಬೇಕು ಎಂದವರಿದ್ದಾರೆ. ಆ ತುಂಡಿನಲ್ಲಿ ಎರಡನೆಯ ಅಂಗಿ ಆಗಿರಲಿಲ್ಲ, ಅದೇ ಥಾನಿನ ಬೇರೆಯವರ ಅಂಗಿಗೆ ನನ್ನ ಗಂಟು ಎಲ್ಲಿಂದ ಬರಬೇಕು? ಬಿಚ್ಚಿ ನೋಡೋಣ ಎಂದವರಿಗೆ ಬಾಗಿಲು ತೋರಿಸಿದ್ದೇನೆ. ಕೌದಿ ಹೊಲಿಯುವವರು ಬೀದಿಗೆ ಬಂದಾಗಲೆಲ್ಲ ವಿಚಾರಿಸುತ್ತೇನೆ, ಅಂಥವಳನ್ನು ಯಾರೂ ಬಲ್ಲವರಿಲ್ಲ.

ಹೋದ ವರ್ಷ ಭಾವ ಹಾಸಿಗೆ ಹಿಡಿದರು. ಹಗಲು ರಾತ್ರಿ ನಿದ್ದೆ ಇಲ್ಲ, ಆ ಕೌದಿ ತರಲು ಹೇಳಿ ಎಂದು ಕುರುಗೋಡಿನಿಂದ ಆಳು ಬಂತು. ಸುಡು ಎಂದವರಿಗೆ ಈಗ ಬೇಕಾಯಿತೇನು ಎಂದುಕೊಳ್ಳುತ್ತಲೇ ಬಸ್ಸು ಹತ್ತಿದೆ. ಹೊದಿಸಿದೆ. ಅವರ ಕೈ ಕೌದಿಯ ಮೇಲೆ ತಡಕಾಡುತ್ತ ಆ ನಾಲ್ಕನೆಯ ಮೂಲೆಗೆ ಬಂತು. ಬೆರಳು ಒಂದು ಕಡೆ ನಿಂತಿತು.

"ಐತವ್ವ" ಎಂದರು. ತಮ್ಮನ ಹೆಸರು ಹಿಡಿದು ಕರೆದರು, ಅಷ್ಟು ವರ್ಷದಲ್ಲಿ ಮೊದಲ ಸಲ. ಆಮೇಲೆ ನಿದ್ದೆ ಹೋದರು.