ಮಾಲಿನಿ ಎಡಕ್ಕೆ ಎಳೆದಿಟ್ಟ ಪಟ್ಟಿ

ನಮ್ಮ ಕಡೆಯ ಮದುವೆ ಪತ್ರಿಕೆಗೆ ಎರಡು ಮಗ್ಗುಲು. ಒಂದು ಕನ್ನಡ, ಇನ್ನೊಂದು ತಮಿಳು; ಎರಡೂ ಇಲ್ಲದಿದ್ದರೆ ನೆಂಟರಲ್ಲಿ ಅರ್ಧ ಜನ ಮುನಿಸಿಕೊಳ್ಳುತ್ತಾರೆ. ಹಾಗಾಗಿ ಹೊಸೂರಿನ ಪಕ್ಕದ ಮತ್ತಿಗಿರಿಯ ನಾಗವೇಣಿಯ ಡಿಟಿಪಿ ಅಂಗಡಿಯಲ್ಲಿ ಮೊದಲು ಇಬ್ಬರಿದ್ದರು. ಕನ್ನಡ ಪುಟ ನಾಗವೇಣಿಯದು, ತಮಿಳು ಪುಟ ಅವಳ ಗೆಳತಿ ಮಾಲಿನಿಯದು. ಕಂಪ್ಯೂಟರ್ ಮಾತ್ರ ಒಂದೇ. ಒಬ್ಬಳು ಎದ್ದರೆ ಇನ್ನೊಬ್ಬಳು ಕೂರುವಳು.

ಮಾಲಿನಿಗೆ ಎಡಗೈ ಬಳಕೆ. ತಂತ್ರಾಂಶಗಳ ಪುಟ್ಟ ಚಿತ್ರಗಳು ಸಾಲಾಗಿ ಕುಳಿತಿರುವ 'ಬಾರು' ಎಂಬ ಪಟ್ಟಿ ಎಲ್ಲರ ಪರದೆಯಲ್ಲೂ ಕೆಳಗಿದ್ದರೆ, ಅವಳು ಅದನ್ನು ಎಡ ಅಂಚಿಗೆ ಎಳೆದು ನಿಲ್ಲಿಸಿದ್ದಳು. ಮೇಲೆ ತಮಿಳು ಅಕ್ಷರದ್ದು, ಅದರ ಕೆಳಗೆ ಕನ್ನಡದ್ದು, ಆಮೇಲೆ ಕಲಶ, ಬಾಳೆಕಂಬಗಳ ಚಿತ್ರಗಳದ್ದು.

"ಊಟದೆಲೇಲೂ ಉಪ್ಪು ಎಡಗಡೆನೇ ಬಡ್ಸೋದು, ಸುಮ್ನಿರೇ" ಎಂದು ನಾಗವೇಣಿಯ ಬಾಯಿ ಮುಚ್ಚಿಸುವಳು.

ಮದುವೆಯಾಗಿ ಕೃಷ್ಣಗಿರಿಗೆ ಹೋಗುವಾಗ, "ಒಂದ್ ಮಗು ಆಗಿ ಅದು ಇಸ್ಕೂಲಿಗೆ ಸೇರೋಗಂಟ ಕಣೆ, ಆಮೇಲೆ ಬಂದ್ಬುಡ್ತೀನಿ" ಎಂದಿದ್ದಳು. ಅಂದಿನಿಂದ ನಾಗವೇಣಿ ತಮಿಳು ಪುಟಗಳನ್ನು ಹೊಸೂರಿನ ಬೇರೊಂದು ಅಂಗಡಿಗೆ ಕಳಿಸುತ್ತ ಕಾದಳು.

ಹೋದ ವರ್ಷ ಹಳೆಯ ಕಂಪ್ಯೂಟರ್ ಕೆಟ್ಟಿತು. ರಿಪೇರಿಯ ಗೋಪಿನಾಥ್ ಹೊಸದನ್ನು ಜೋಡಿಸಿದ.

"ಅಕ್ಕಾ, ಇದ್ರಲ್ಲಿ ಬಾರು ಎಡಕ್ಕೆ ಹೋಗಲ್ಲ. ಕೆಳಗೇ ಇರ್ಲಿ ಬುಡಿ."

"ಹೆಂಗಾರ ಮಾಡಿ ಕೂರ್ಸಪ್ಪ."

"ನೀವೇನ್ ಎಡಗೈನೋರಾ?"

"ನಾನಲ್ಲ. ಇಲ್ಲಿ ಕೂರೋಳು ಬತ್ತಾಳೆ."

ಅವನು ಗೊಣಗುತ್ತಲೇ ಕೆಳಗಿನ ಪಟ್ಟಿಯನ್ನು ಮರೆಮಾಡಿ, ಬೇರೊಂದು ಚಿಕ್ಕ ತಂತ್ರಾಂಶ ಹಾಕಿ, ಎಡಗಡೆ ಹೊಸ ಪಟ್ಟಿ ನಿಲ್ಲಿಸಿದ. ಚಿತ್ರಗಳನ್ನು ಮಾತ್ರ ನಾಗವೇಣಿ ತಾನೇ ಹಿಂದಿನ ಕ್ರಮದಲ್ಲಿ ಜೋಡಿಸಿದಳು.

ಈ ಶ್ರಾವಣದಲ್ಲಿ ಮಾಲಿನಿ ಬಂದಳು, ತಮ್ಮನ ಮದುವೆ ಪತ್ರಿಕೆಗೆ. ನಿವೃತ್ತ ಶಿಕ್ಷಕರ ಸಂಘದ ಸುತ್ತೋಲೆ ಹಿಡಿದು ನಾನೂ ಅಲ್ಲೇ ಕುಳಿತಿದ್ದೆ. ನಾಗವೇಣಿ ಎದ್ದು, ಸೆರಗಿನಿಂದ ಕೀಲಿಮಣೆ ಒರೆಸಿ, ಕುರ್ಚಿ ಬಿಟ್ಟುಕೊಟ್ಟಳು. ಮಾಲಿನಿ ಮೌಸ್ ಹಿಡಿದದ್ದು ಬಲಗೈಯಲ್ಲಿ. ಬಾಣದ ಗುರುತು ಪರದೆಯ ಕೆಳಗೆ ಅತ್ತಿಂದಿತ್ತ ಅಲೆಯಿತು.

"ಎನ್ನಡಿ, ಏನೇ ಇದು, ಬಾರೇ ಕಾಣ್ಸಲ್ಲ?"

"ಎಡಗಡೆ ಐತಲ್ಲೇ. ನೀನೇ ಅಲ್ವಾ ಇಟ್ಟಿದ್ದು."

"ಅಯ್ಯೋ ವೇಣಿ! ಈಗ ಕೃಷ್ಣಗಿರೀಲಿ ನಾನ್ ಕೆಲ್ಸಕ್ಕೋಗೋ ಆಫೀಸಲ್ಲಿ ಎಲ್ರಿಗೂ ಒಂದೇ ಥರ ಕಣೆ. ಬಲಗೈಗೇ ರೂಢಿ ಆಗೋಯ್ತು." ನಕ್ಕು, ತಮಿಳು ಪುಟ ಮುಗಿಸಿ ಕೇಳಿದಳು, "ನಾನಿಲ್ದೆ ಇದ್ನ ಯಾರು ಹೊಡೀತಾರೆ?"

"ಹೊಸೂರಿಗೆ ಕಳಿಸ್ತೀನಿ."

"ಲೂಸು! ತಮಿಳು ಹೊಡ್ಯೋದ್ನ ನಿಂಗೆ ನಾನೇ ಕಲ್ಸಿದ್ನಲ್ಲ. ಮರ್ತ್‌ಬುಟ್ಯಾ?"

"ಇಲ್ಲ, ಬತ್ತದೆ."

"ಮತ್ಯಾಕೆ?"

ನಾಗವೇಣಿ ಮೇಜಿನ ಕಾಗದಗಳನ್ನು ಒಟ್ಟುಗೂಡಿಸತೊಡಗಿದಳು. ಮಾಲಿನಿ ಆ ಎಡ ಅಂಚನ್ನೇ ನೋಡುತ್ತ ಕುಳಿತಳು. ಅವಳ ನಗು ಆರಿತು.

"ಆ ಕೆಲ್ಸ ಪರ್ಮನೆಂಟ್ ಆಗೈತೆ ಕಣೆ" ಎಂದಳು ಮೆಲ್ಲಗೆ.

"ಒಳ್ಳೇದಾಯ್ತು ಬುಡು. ಅಲ್ಲೇ ಚೆನ್ನಾಗಿರು."

ಅವಳನ್ನು ಬಸ್ಸು ಹತ್ತಿಸಿ ನಾಗವೇಣಿ ಮರಳುವಷ್ಟರಲ್ಲಿ, ಗುಮ್ಮಳಾಪುರದ ಚಿನ್ನಸ್ವಾಮಿ ತನ್ನ ಮಗಳ ಮದುವೆ ಪತ್ರಿಕೆಗೆಂದು ಕಾದಿದ್ದ.

"ತಮಿಳು ಮಗ್ಗುಲಿಗೆ ಹೊಸೂರಿಂದ ಬರೋಗಂಟ ಕಾಯ್ಬೇಕೇನಮ್ಮಾ?"

"ಬ್ಯಾಡಣ್ಣ. ಕುಂತ್ಕೊ, ನಾನೇ ಹೊಡೀತೀನಿ."

ಪಟ್ಟಿಯ ಮೇಲ್ತುದಿಯಲ್ಲಿದ್ದ ತಮಿಳು ಅಕ್ಷರದ ಚಿತ್ರವನ್ನು ಒತ್ತಿದಳು. ಬೆರಳುಗಳು ಮೊದಮೊದಲು ತಡವರಿಸಿದವು, ಆಮೇಲೆ ದಾರಿ ಹಿಡಿದವು. ಪುಟ ಮುಗಿಯುವವರೆಗೂ ಅವಳು ನಮ್ಮ ಕಡೆ ಮುಖ ತಿರುಗಿಸಲಿಲ್ಲ.