‘ಚಲೋ ಆಗೇದ’ ಎನ್ನುವ ಗಂಡ

ನಮ್ಮ ಮನೆಯವರ ಮೂಗು ಎಂಥದ್ದಿತ್ತೆಂದರೆ, ಸೆಂಟರ್‌ವಿಲ್‌ನ ನಮ್ಮ ಗ್ಯಾರೇಜಿನಲ್ಲಿ ಕಾರು ನಿಲ್ಲಿಸುವಾಗಲೇ ಒಳಗಿನ ಅಡುಗೆಯ ತಪ್ಪು ಹಿಡಿಯುತ್ತಿದ್ದರು. “ಒಗ್ಗರಣಿ ಸೀದೇತಿ ನೋಡು” ಎನ್ನುತ್ತಲೇ ಬೂಟು ಬಿಚ್ಚುತ್ತಿದ್ದರು. ಧಾರವಾಡ ಬಿಟ್ಟು ವರ್ಜೀನಿಯಾಕ್ಕೆ ಬಂದರೂ ಆ ಚಾಳಿ ಬಿಡಲಿಲ್ಲ. ಮದುವೆಯಾದಂದಿನಿಂದ ನನ್ನ ಕೈಯಡುಗೆಯನ್ನು ಒಂದು ದಿನವೂ ಹೊಗಳಿದವರಲ್ಲ, ಪುಣ್ಯಾತ್ಮರು.

ಆಮೇಲೆ ಕೋವಿಡ್ ಬಂತು. ಜ್ವರವೇನೋ ಇಳಿಯಿತು, ಇಳಿಯುವಾಗ ಇವರ ಮೂಗು, ನಾಲಿಗೆ ಎರಡನ್ನೂ ಕರೆದುಕೊಂಡು ಹೋಯಿತು. ಅಂದಿನಿಂದ ಏನು ಬಡಿಸಿದರೂ “ಚಲೋ ಆಗೇದ.” ಒಮ್ಮೆ ಬೇಕಂತಲೇ ಉಪ್ಪಿಲ್ಲದ ಸಾರು ಬಡಿಸಿದೆ. “ಭಾಳ ಚಲೋ ಆಗೇದ!” ನನಗೆ ಬೇಜಾರಾಗಬಾರದೆಂದು ಹೇಳುತ್ತಾರೆ, ಗೊತ್ತು. ಆದರೆ ಆ ಹೊಗಳಿಕೆ ಕೇಳಿದಾಗಲೆಲ್ಲ ಅಳು ಬರುತ್ತಿತ್ತು. ಡಾಕ್ಟರು, ರುಚಿ ವಾಸನೆ ಬಂದರೂ ಬರಬಹುದು, ಬಾರದೆಯೂ ಇರಬಹುದು, ಘಾಟಿನ ಪದಾರ್ಥ ಮೂಸುತ್ತಿರಿ ಎಂದಿದ್ದರು. ಇಂಗು, ಲವಂಗ, ಬೆಳ್ಳುಳ್ಳಿ ಎಲ್ಲ ಮೂಸಿಸಿಯಾಗಿತ್ತು.

ನಮ್ಮ ಎದುರುಮನೆಯ ಕೊರಿಯನ್ ಗೆಳತಿಯ ತವರು ಬುಸಾನ್, ಸಮುದ್ರದ ದಂಡೆಯ ದೊಡ್ಡ ಬಂದರು. ಮರುವರ್ಷ ಊರಿಗೆ ಹೊರಟವಳು, “ನೀವೂ ಬನ್ನಿ, ನಮ್ಮ ಮಾರ್ಕೆಟ್ಟಿನಲ್ಲಿ ಸತ್ತ ಮೂಗೂ ಎದ್ದು ಕೂರುತ್ತದೆ” ಎಂದು ನಕ್ಕಳು. ಅವಳಿಗೆ ಅದು ತಮಾಷೆ, ನಾನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ. “ಅಷ್ಟ್ ದೂರ ಯಾಕ? ಇಲ್ಲೇ ಕೊರಿಯನ್ ಸ್ಟೋರಿಗೆ ಡ್ರೈವ್ ಮಾಡೋಣು” ಎಂದರು ಇವರು. ನಾನು ಬಿಡಬೇಕಲ್ಲ! ಟಿಕೆಟ್ ಬುಕ್ ಮಾಡಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಡಿಸಿಯೇಬಿಟ್ಟೆ. ನಮ್ಮ ಕಡೆಯವರು ಸ್ವರ್ಗಕ್ಕೆ ಹೊರಟರೂ ರೊಟ್ಟಿಗಂಟು ಬಿಡುವವರಲ್ಲ.

ಬುಸಾನಿನಲ್ಲಿ ಗೆಳತಿ ಬೆಳಿಗ್ಗೆಯೇ ನಮ್ಮನ್ನು ಮೀನಿನ ಮಾರುಕಟ್ಟೆಗೆ ಕರೆದೊಯ್ದಳು. ಅಬ್ಬಬ್ಬಾ! ಬುಟ್ಟಿಬುಟ್ಟಿ ಮೀನು, ತೊಟ್ಟಿಯಲ್ಲಿ ಮಿಸುಕಾಡುವ ಆಕ್ಟೋಪಸ್, ರಬ್ಬರ್ ಬೂಟಿನ ಅಜ್ಜಿಯರ ಕೂಗಾಟ. ನಾನು ದುಪಟ್ಟಾದಿಂದ ಮೂಗು ಬಿಗಿದುಕೊಂಡೆ. ಜನ್ಮದಲ್ಲಿ ಮೀನು ಮುಟ್ಟದ ಇವರು ಹೂವಿನ ಸಂತೆಯಲ್ಲಿ ಅಡ್ಡಾಡುವಂತೆ ಕೈಬೀಸಿಕೊಂಡು ನಡೆದರು. “ಏನರ ವಾಸನಿ ಬಂತೇನ್ರೀ?” ಎಂದೆ. “ಇಲ್ಲಪಾ. ಜಾಗಾ ಮಾತ್ರ ಭಾಳ ಸ್ವಚ್ಛ ಐತಿ” ಎಂದರು. ಅದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಗೆಳತಿ ಬಿದ್ದು ಬಿದ್ದು ನಕ್ಕಳು. ನನಗೂ ನಗು ಬಂತು, ಎದೆಯಲ್ಲಿ ಮಾತ್ರ ಚುರ್ರೆಂದಿತು.

ಮುಂದಿನ ಓಣಿಯಲ್ಲಿ ಎಳ್ಳು, ಸೂರ್ಯಕಾಂತಿ ಬೀಜ, ಬೆಲ್ಲದಂಥ ಕಂದುಸಕ್ಕರೆ ತುಂಬಿದ ಬಿಸಿ ರೊಟ್ಟಿ ತಿಂದೆವು. ಥೇಟ್ ನಮ್ಮ ಎಳ್ಳು ಹೋಳಿಗೆಯ ತಂಗಿ! ಕೈಯೆಲ್ಲ ಪಾಕ ಮಾಡಿಕೊಂಡು ನಾನು ಇನ್ನೊಂದು ತಿಂದೆ. ಇವರು ಬಾಯಿ ಸುಟ್ಟುಕೊಂಡು “ಚಲೋ ಐತಿ” ಎಂದರು. ಮಧ್ಯಾಹ್ನ ಬೌದ್ಧ ಸನ್ಯಾಸಿಗಳ ಪದ್ಧತಿಯ ಸಸ್ಯಾಹಾರಿ ಊಟದ ಮನೆ. ಹುಳಿಬರಿಸಿದ ಸೋಯಾ ಕಾಳಿನ ಸಾರು ತಂದಿಟ್ಟರು. ಅದರ ನಾತಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಇವರು ಬಟ್ಟಲೆತ್ತಿ ಗಟಗಟ ಕುಡಿದು, “ಚಲೋ ಆಗೇದ.”

“ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!” ಎಂದು ಕುಟುಕಿದೆ. ಅಂದಕೂಡಲೇ ನಾಲಿಗೆ ಕಚ್ಚಿಕೊಂಡೆ, ಯಾಕೆಂದರೆ ಇವರು ನಕ್ಕರೂ ಮುಖ ಸಣ್ಣದಾಗಿತ್ತು. “ನನಗೇನ್ ಆಸಿ ಇಲ್ಲಂತ ತಿಳಕೊಂಡೀಯೇನು?” ಎಂದರು ಮೆಲ್ಲಗೆ. ನಾನು ತಲೆ ಎತ್ತಲಿಲ್ಲ.

ಊಟ ಮುಗಿಸಿ ಬಂದರಿನ ಎದುರಿನ ಬೆಂಚಿನಲ್ಲಿ ಕೂತೆವು. ಹಡಗುಗಳು, ಕ್ರೇನುಗಳು, ಹಾರುವ ಕಡಲಹಕ್ಕಿಗಳು, ಎಲ್ಲ ಚಂದವೇ. ಆದರೆ ನನಗೆ ಯಾವುದೂ ಬೇಡವಾಗಿತ್ತು. ಇವರು ಮಾತ್ರ ಎಂದಿನಂತೆ, “ರೊಟ್ಟಿ ಅದಾವೇನು? ರೊಟ್ಟಿ ಇಲ್ದ ಊಟಾ ಮಾಡಿದ್ಹಂಗ ಆಗಂಗಿಲ್ಲ” ಎಂದರು. ಗಂಟು ಬಿಚ್ಚಿ ಕೊಟ್ಟೆ. ಒಂದು ಚೂರು ಮುರಿದು ಚಟ್ನಿಗೆ ಒತ್ತಿ ಬಾಯಿಗಿಟ್ಟರು. ಜಗಿಯುವುದು ನಿಂತಿತು.

“ಈ ಶೇಂಗಾ ಎಲ್ಲಿಂದ ತಂದೀಯೆ?”

“ಯಾಕ್ರೀ?”

“ಕಮಟ್ ಹೊಡೀತೈತಿ. ಹುರಿಯೂದ್ರಾಗ ಮೂಸಿ ನೋಡಾಕ ಏನ್ ರೋಗ?”

ನಾನು ಚಿಟಿಕೆ ಚಟ್ನಿ ನಾಲಿಗೆಗೆ ಹಾಕಿಕೊಂಡೆ. ನಿಜ, ಕಮಟು! ಅಂಥ ಸಿಹಿ ಚಟ್ನಿ ಜನ್ಮದಲ್ಲಿ ತಿಂದಿಲ್ಲ. ಗೆಳತಿ ನಮ್ಮ ಮುಖ ನೋಡಿ ಗಾಬರಿಯಾಗಿ, “ಕೆಟ್ಟಿದೆಯಾ? ಎಸೆದುಬಿಡು” ಎಂದು ಪೊಟ್ಟಣಕ್ಕೆ ಕೈ ಹಾಕಿದಳು. ಎದೆಗವಚಿಕೊಂಡು ಕೊಡಲಿಲ್ಲ.

“ಇನ್ನೊಮ್ಮೆ ಬೈರಿ” ಎಂದೆ.

ಇವರು ನನ್ನನ್ನು ನೋಡಿದರು, ಚಟ್ನಿ ನೋಡಿದರು. ಇನ್ನೊಂದು ಚೂರು ತಿಂದು, ಕಣ್ಣುಮುಚ್ಚಿ ತಡೆದು, “ಉಪ್ಪೂ ಜಾಸ್ತಿ ಆಗೇದ” ಎಂದರು. ಆಮೇಲೆ ಧಡಕ್ಕನೆ ಎದ್ದು ನನ್ನ ಕೈಹಿಡಿದು ಎಳೆದುಕೊಂಡು ಹೊರಟರು. ನಿಂತದ್ದು ಬೆಳಗಿನ ಅದೇ ಮೀನಿನ ಮಾರುಕಟ್ಟೆಯ ನಟ್ಟನಡುವೆ. ಉದ್ದಕ್ಕೆ ಉಸಿರೆಳೆದು, “ಥೂ ಇದರ, ಏನ್ ನಾತಲೇ ಇದು!” ಎಂದು ಕೂಗಿದರು. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಅಜ್ಜಿಯರೆಲ್ಲ ತಿರುಗಿ ನೋಡಿದರು. ನಾನು ಮತ್ತೆ ಮೂಗಿಗೆ ಹಿಡಿದಿದ್ದ ದುಪಟ್ಟಾ ತೆಗೆದು ಪಕ್ಕದಲ್ಲೇ ನಿಂತುಕೊಂಡೆ.